ಸಾಕ್ಷಿಯೂ ಸಂಖ್ಯೆಯೂ

2021ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ಹೊಸದುರ್ಗ ಕ್ಷೇತ್ರದ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್ ಅವರು ವಿಧಾನಸಭೆಯಲ್ಲಿ ಎದ್ದು ನಿಂತು, ಕ್ರೈಸ್ತ ಪ್ರಚಾರವು ತಮ್ಮ ಮನೆಯೊಳಕ್ಕೂ ಕಾಲಿಟ್ಟಿತೆಂದೂ, ಕ್ಷೇತ್ರದಲ್ಲಿ ಹದಿನೈದಿಪ್ಪತ್ತು ಸಾವಿರ ಮಂದಿ ಮತಾಂತರ ಹೊಂದಿದ್ದಾರೆಂದೂ ನುಡಿದಾಗ, ಅದುವರೆಗೆ ತೆಂಗಿನ ಧಾರಣೆಗೂ ಮಳೆಯ ಅಭಾವಕ್ಕೂ ಮಾತ್ರ ಪತ್ರಿಕೆಗಳಲ್ಲಿ ಸ್ಥಳ ಪಡೆಯುತ್ತಿದ್ದ ಆ ಬಯಲುಸೀಮೆಯ ತಾಲ್ಲೂಕು ಒಮ್ಮಿಂದೊಮ್ಮೆಗೇ ರಾಜ್ಯದ ಬಾಯಿಮಾತಾಯಿತು. ಬಲಾತ್ಕಾರದ ಮತಾಂತರವೇನೂ ಕಂಡುಬರಲಿಲ್ಲವೆಂದು ತಾಲ್ಲೂಕಿನ ಆಡಳಿತ ವಿಚಾರಿಸಿ ವರದಿ ಕೊಟ್ಟಿತು; ವರದಿಯಿತ್ತ ತಹಶೀಲ್ದಾರರಿಗೆ ಅನತಿಕಾಲದಲ್ಲಿಯೇ ವರ್ಗವಾಯಿತು. ಆ ವ್ಯಾಜ್ಯವನ್ನು ಮರಳಿ ಹೂಡುವುದು ನನ್ನ ಉದ್ದೇಶವಲ್ಲ. ಆದರೆ ಪರವಾಗಿ ಮಾತನಾಡಿದವರೂ ವಿರುದ್ಧವಾಗಿ ಮಾತನಾಡಿದವರೂ ಎಷ್ಟು ಮಂದಿ, ಯಾವ ಊರು, ಯಾರ ದುಡ್ಡು ಎಂಬ ಲೆಕ್ಕದಲ್ಲಿಯೇ ಮುಳುಗಿಹೋದುದರಿಂದ, ವಿಮರ್ಶಕನಾದವನು ಮೊದಲು ಕೇಳತಕ್ಕ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ವಿಶ್ವಾಸವನ್ನು ಬಾಳಿ ತೋರಿಸುವುದೂ ಅದನ್ನು ನೆರೆಯವನೊಡನೆ ಹಂಚಿಕೊಳ್ಳುವುದೂ ಒಂದು ಕಲೆಯೆನ್ನುವುದಾದರೆ, ಚಿತ್ರದುರ್ಗದ ಸೀಮೆಯಲ್ಲಿ ಆ ಕಲೆ ಇಂದು ಯಾವ ಮಟ್ಟದಲ್ಲಿದೆ? ಅದನ್ನು ತೂಗುವ ತಕ್ಕಡಿ ಹೊರಗಿನಿಂದ ಬರಬೇಕಾಗಿಲ್ಲ. ಯೇಸುಸ್ವಾಮಿಯ ಗಿರಿಪ್ರಸಂಗವೇ ಸಾಕು.

ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವಣ ಊರೊಂದರ ಅಂಚಿನಲ್ಲಿ ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಸೇರುವ ಸಭೆಯನ್ನು ನೋಡಬೇಕು. ಮೇಲೆ ತಗಡಿನ ಮಾಡು, ಕೆಳಗೆ ಜಮಖಾನೆ, ಚಪ್ಪಲಿಗಳೆಲ್ಲ ಹೊಸ್ತಿಲಿನಾಚೆ, ಗಂಡಸರು ಒಂದು ಪಕ್ಕ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು ಇನ್ನೊಂದು ಪಕ್ಕ. ಹಾಡು ಮುಗಿದು ಸಾಕ್ಷಿ ಹೇಳುವ ಸರದಿ ಬರುತ್ತದೆ. ಎದ್ದು ನಿಲ್ಲುವವಳು ವಾರವೆಲ್ಲ ಈರುಳ್ಳಿ ಕೀಳುವ ಕೂಲಿಗೆ ಹೋಗುವ ಹೆಂಗಸು. ‘ಕರ್ತನಿಗೆ ಸ್ತೋತ್ರ’ವೆಂದು ಆರಂಭಿಸಿದವಳು ಮಗಳಿಗೆ ಜ್ವರ ಬಂದ ರಾತ್ರಿಯನ್ನು, ಸಂಘದ ಸಾಲದ ಕಂತನ್ನು, ಗಂಡ ಕುಡಿತ ಬಿಟ್ಟು ಮತ್ತೆ ಹಿಡಿದು ಮತ್ತೆ ಬಿಟ್ಟುದನ್ನು, ಆಟೋದವನು ಆಸ್ಪತ್ರೆಗೆ ಎಷ್ಟು ಕೇಳಿದನೆಂಬುದನ್ನೂ ಬಿಡದೆ, ಪಕ್ಕದ ಮನೆಯವರೊಡನೆ ಹೇಳಿಕೊಳ್ಳುವಂತೆ ದೇವರೊಡನೆ ಹೇಳಿಕೊಳ್ಳುತ್ತಾಳೆ. ಊರಿನ ಪಂಚಾಯ್ತಿಕಟ್ಟೆಯ ಮೇಲೆ ಬಾಯಿ ತೆರೆಯಲು ಎಂದೂ ಅವಕಾಶ ದೊರೆಯದ ಸ್ತ್ರೀಯೊಬ್ಬಳು ಮೂವತ್ತು ಜನರ ಮುಂದೆ ತನ್ನ ಬಾಳಿಗೆ ತಾನೇ ಅರ್ಥ ಹೇಳಿಕೊಳ್ಳುವ ಈ ಪ್ರಸಂಗದಲ್ಲಿ, ಅಕ್ಷರ ಬಾರದಿದ್ದರೂ ವಾಕ್ಯ ತಪ್ಪದ ಆಕೆಯ ಗದ್ಯದಲ್ಲಿ, ಈ ಆಚರಣೆಯ ಅತ್ಯುತ್ತಮ ಫಲವಿದೆಯೆಂದು ನಾನು ನಿಸ್ಸಂಕೋಚವಾಗಿ ಹೇಳಬಲ್ಲೆ.

ಅನಂತರ ಪಾಸ್ಟರ್ ಎದ್ದು ನಿಲ್ಲುತ್ತಾರೆ. ಮಟ್ಟ ಅಲ್ಲಿಂದ ಇಳಿಯತೊಡಗುತ್ತದೆ. ಬೆಂಗಳೂರಿನ ಯಾವುದೋ ಸಮಾವೇಶದಲ್ಲಿ ಕಲಿತ ಏರುದನಿ. ಹದಿನೈದಡಿಯ ಕೋಣೆಗೆ ಧ್ವನಿವರ್ಧಕ. ಹೊಸದುರ್ಗದಲ್ಲಿ ಹೇಳಿದರೂ ಗುಂಟೂರಿನಲ್ಲಿ ಹೇಳಿದರೂ ಒಂದಕ್ಷರ ವ್ಯತ್ಯಾಸವಾಗದ ಉಪದೇಶ. ಆ ಹೆಂಗಸಿನ ಮಾತಿನಲ್ಲಿ ಊರಿತ್ತು, ಬೆಲೆಯಿತ್ತು, ಸೋಲೂ ಇತ್ತು. ಇವರ ಮಾತಿನಲ್ಲಿರುವುದು ಗೆಲವು ಮಾತ್ರ. ಎಲ್ಲರೂ ಹೀಗೆಯೇ ಎಂದಲ್ಲ. ಕಾಯಿಲೆಯವರ ಮನೆಗೆ ದಿನವೂ ಸೈಕಲ್ಲಿನಲ್ಲಿ ಹೋಗಿ, ಆಸ್ಪತ್ರೆಯ ಚೀಟಿ ಬರೆಸಿ, ಹೆಣಕ್ಕೆ ಹೆಗಲು ಕೊಟ್ಟು, ಅದನ್ನು ಯಾವ ವರದಿಯಲ್ಲಿಯೂ ಕಾಣಿಸದೆ ಬಾಳುವ ಬಡಪಾಸ್ಟರುಗಳು ಹಿರಿಯೂರಿನ ಕಡೆಯಲ್ಲಿಯೂ ಉಂಟು. ಆದರೆ ಎರಡು ದೋಷಗಳನ್ನು ಮಾತ್ರ ಕ್ಷಮಿಸಲಾಗದು.

ಮೊದಲನೆಯದು ರೋಗಶಾಂತಿಯ ವಾಗ್ದಾನ. ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಬೇರೆ, ನಂಬಿಕೆಯಿದ್ದರೆ ಮಾತ್ರೆ ಬೇಡವೆಂದು ಮೂರ್ಛೆರೋಗಿಗೆ ಸೂಚಿಸುವುದು ಬೇರೆ. 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ತೆರೆದ ವೆಸ್ಲಿಯನ್ ಮಿಷನ್ನಿನವರು ಪ್ರಾರ್ಥನೆಯಲ್ಲಿ ಇವರಿಗಿಂತ ಕಡಮೆ ನಂಬಿಕೆಯುಳ್ಳವರಾಗಿರಲಿಲ್ಲ.

ಎರಡನೆಯದು ಇನ್ನೂ ಗಾಢವಾದುದು. ನೆರೆಯವರ ಮಾರಮ್ಮನನ್ನು ಸೈತಾನನ ಪಂಗಡಕ್ಕೆ ಸೇರಿಸಿ, ಜಾತ್ರೆಯ ಪ್ರಸಾದವನ್ನು ಮುಟ್ಟದಂತೆ ಕಟ್ಟುಮಾಡಿ, ಒಂದೇ ಒಲೆಯ ಸುತ್ತ ಕುಳಿತ ಅತ್ತೆಸೊಸೆಯರ ನಡುವೆ ಗೆರೆಯೆಳೆಯುವ ಬೋಧನೆಯಿಂದ ನೊಂದವರ ನೋವು ಸುಳ್ಳಿನದಲ್ಲ, ಅದನ್ನು ರಾಜಕೀಯದವರು ಬೆಳೆಸಿಕೊಂಡರೆಂಬ ಮಾತ್ರಕ್ಕೆ ಅದು ಇಲ್ಲವಾಗುವುದೂ ಇಲ್ಲ. ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಕಥೆಯನ್ನು ತಿಂಗಳಿಗೊಮ್ಮೆ ಹೇಳುವ ಈ ಬೋಧಕರು, ಆ ಕಥೆಯ ನಾಯಕ ಪರಮತದವನೆಂಬುದನ್ನು ಅದೇಕೆ ನುಂಗಿಬಿಡುತ್ತಾರೋ ತಿಳಿಯದು.

ಕನ್ನಡ ಕ್ರೈಸ್ತರ ಪರಂಪರೆ ಇಷ್ಟು ಬಡವಾದುದಲ್ಲ. ಚಿತ್ರದುರ್ಗದ ನೆರೆಯ ಬಳ್ಳಾರಿಗೆ 1810ರಲ್ಲಿ ಬಂದು ನೆಲಸಿದ ಜಾನ್ ಹ್ಯಾಂಡ್ಸ್ ಸತ್ಯವೇದವನ್ನು ಕನ್ನಡಿಸಲು ಈ ಸೀಮೆಯ ಪಂಡಿತರ ಬಳಿಯೇ ಕುಳಿತು ಭಾಷೆ ಕಲಿಯಬೇಕಾಯಿತು. ಕಿಟ್ಟೆಲ್ಲರು 1862ರಲ್ಲಿ ‘ಕಥಾಮಾಲೆ’ಯನ್ನು ರಚಿಸಿ ಕ್ರಿಸ್ತಚರಿತ್ರೆಯನ್ನು ನಮ್ಮ ಛಂದಸ್ಸಿಗೆ ತಂದರು. ಹೆನ್ರಿ ಹೇಗ್ 1887ರಲ್ಲಿ ಮೈಸೂರಿನಿಂದ ಹೊರಡಿಸಿದ ‘ವೃತ್ತಾಂತ ಪತ್ರಿಕೆ’ಯನ್ನು ಕ್ರೈಸ್ತರಲ್ಲದವರೂ ಕಾದು ಓದುತ್ತಿದ್ದರು. ಇವರೆಲ್ಲರಿಗಿಂತ ನನ್ನ ವಾದಕ್ಕೆ ಹತ್ತಿರದವರು ರೆವರೆಂಡ್ ಚನ್ನಪ್ಪ ಉತ್ತಂಗಿ. ಬಾಸೆಲ್ ಮಿಷನ್ನಿನ ಬೋಧಕರಾಗಿದ್ದುಕೊಂಡೇ ಸರ್ವಜ್ಞನ ವಚನಗಳನ್ನು ಊರೂರುಗಳಿಂದ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದವರು. ಅನುಭವಮಂಟಪವು ಕಲ್ಪನೆಯಲ್ಲ, ಇತಿಹಾಸವೆಂದು ವಾದಿಸಿ ಗ್ರಂಥ ಬರೆದವರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದವರು. ಶರಣರನ್ನು ಇಷ್ಟು ಪ್ರೀತಿಯಿಂದ ಓದಿದಾತ ತನ್ನ ಕ್ರಿಸ್ತನನ್ನು ಎಲ್ಲಿಯೂ ಬಚ್ಚಿಡಲಿಲ್ಲ. ಹಿಂದೂ ಬಾಂಧವರೆ, ಈತನು ನಿಮ್ಮವನೂ ಹೌದೆಂದು ಪುಸ್ತಕ ಬರೆದೇ ಕೇಳಿಕೊಂಡರು. ಎದುರಿಗಿರುವವನ ಐಶ್ವರ್ಯವನ್ನು ಮೊದಲು ಒಪ್ಪಿಕೊಂಡು, ಅನಂತರ ತನ್ನ ಕೈಯಲ್ಲಿರುವುದನ್ನು ನೀಡುವ ಈ ಕ್ರಮಕ್ಕೂ, ನಿನ್ನ ಮನೆಯಲ್ಲಿರುವುದೆಲ್ಲ ಕಸವೆಂದು ಬಾಗಿಲಲ್ಲಿಯೇ ಸಾರುವ ಇಂದಿನ ಕ್ರಮಕ್ಕೂ ಇರುವ ಅಂತರ ಅಜಗಜಾಂತರ. ಹಂಚಿಕೊಳ್ಳುವ ವಿದ್ಯೆಯನ್ನು ಕಲಿಯಲು ಹೊಸದುರ್ಗ ತಾಲ್ಲೂಕಿನ ಪಾಸ್ಟರು ಬೆಂಗಳೂರಿಗೆ ಹೋಗಬೇಕಾದುದೂ ಇಲ್ಲ. ಅದೇ ತಾಲ್ಲೂಕಿನ ಸಾಣೇಹಳ್ಳಿಯಿಂದ ‘ಶಿವಸಂಚಾರ’ವೆಂಬ ರಂಗತಂಡ 1997ರಿಂದ ವರ್ಷವರ್ಷವೂ ನಾಟಕಗಳನ್ನು ಕಟ್ಟಿಕೊಂಡು ನಾಡು ಸುತ್ತುತ್ತಿದೆ. ಅದೂ ಒಂದು ಮಠದ ಪ್ರಚಾರವೇ. ಆದರೆ ಪ್ರೇಕ್ಷಕನು ನಾಟಕವನ್ನು ಮೆಚ್ಚದೆ ಎದ್ದುಹೋಗುವ ಸ್ವಾತಂತ್ರ್ಯವನ್ನು ಉಳಿಸಿಕೊಂಡೇ ಕುಳಿತಿರುತ್ತಾನೆ.

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಲೆಕ್ಕಿಗರನ್ನೂ ಬಿಡುವಂತಿಲ್ಲ. ಆ ಗದ್ದಲದ ಹಿಂದೆಯೇ ಬಂದು 2022ರಲ್ಲಿ ಜಾರಿಯಾದ ಮತಾಂತರ ನಿಷೇಧದ ಕಾನೂನು, ಮತ ಬದಲಿಸುವವನು ಮೂವತ್ತು ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣವನ್ನು ಕೊಡುವುದನ್ನೂ ಆಮಿಷಗಳ ಪಟ್ಟಿಗೆ ಸೇರಿಸಿತು. ಸಿರಿಗೆರೆಯ ತರಳಬಾಳು ಮಠದ ಶಾಲೆಗಳಲ್ಲಿಯೂ ಚಿತ್ರದುರ್ಗದ ಮುರುಘಾಮಠದ ನಿಲಯಗಳಲ್ಲಿಯೂ ಉಂಡು ಓದಿ ತಲೆಮಾರುಗಳೇ ಮೇಲೆ ಬಂದ ಜಿಲ್ಲೆಯಿದು. ಇಲ್ಲಿ ಧರ್ಮವೆಂದರೆ ಮೊದಲು ಅನ್ನ, ಆಮೇಲೆ ಅಕ್ಷರ, ಕಡೆಗೆ ಉಪದೇಶ. ಮಠದ ಅನ್ನ ದಾಸೋಹ, ಸಭೆಯ ಅನ್ನ ಆಮಿಷ ಎಂಬ ವಿಂಗಡಣೆಗೆ ಆಧಾರವೆಲ್ಲಿ? ಕೂಲಿಯ ಹೆಂಗಸಿಗೆ ತನ್ನ ದೇವರನ್ನು ಆರಿಸಿಕೊಳ್ಳುವಷ್ಟು ಬುದ್ಧಿ ಇರಲಾರದೆಂಬ ತಾತ್ಸಾರವಲ್ಲದೆ ಅದಕ್ಕೆ ಬೇರೆ ತಳಹದಿ ನನಗೆ ಕಾಣದು. ರಾಜ್ಯಾಂಗ ಸಭೆಯಲ್ಲಿ ಧರ್ಮಪ್ರಚಾರದ ಹಕ್ಕು ಚರ್ಚೆಗೆ ಬಂದಾಗ, ಅದನ್ನು ಎತ್ತಿಹಿಡಿದವರಲ್ಲಿ ಕೆ. ಎಂ. ಮುನ್ಷಿಯವರೂ ಇದ್ದರೆಂಬುದನ್ನು ಇಂದು ನೆನೆಯುವವರು ವಿರಳ. ಈ ಕಾನೂನನ್ನು ಹಿಂತೆಗೆಯಬೇಕೆಂದು 2023ರ ಜೂನ್ ತಿಂಗಳಲ್ಲಿ ರಾಜ್ಯದ ಮಂತ್ರಿಮಂಡಲ ತೀರ್ಮಾನಿಸಿತು. ತಾತ್ಸಾರವನ್ನು ಹಿಂತೆಗೆಯುವುದು ಮಂತ್ರಿಮಂಡಲದ ಕೈಯಲ್ಲಿಲ್ಲ.

ಇನ್ನು ಉಳಿದುದು ಎಲ್ಲಕ್ಕಿಂತ ಕಠಿನವಾದ ಸಂಗತಿ. ಸಭೆಗಳು ಅದನ್ನು ಬಾಯಿಬಿಟ್ಟು ಆಡುವುದಿಲ್ಲ. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರವಿತ್ತು. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿದರು, ಕ್ರೈಸ್ತರು ಸೇರಲಿಲ್ಲ. ಸೇರಿಸಬಹುದೆಂದು ರಂಗನಾಥ ಮಿಶ್ರ ಆಯೋಗ 2007ರಲ್ಲಿ ಹೇಳಿದ ಮಾತು ಕಾಗದದಲ್ಲಿಯೇ ಉಳಿಯಿತು. ಈ ಸೀಮೆಯ ವಿಶ್ವಾಸಿಗಳಲ್ಲಿ ಬಹುಮಂದಿ ಮಾದಿಗರ ಕೇರಿಯವರೂ ಲಂಬಾಣಿ ತಾಂಡಾಗಳವರೂ ಆಗಿರುವುದರಿಂದ, ಭಾನುವಾರ ನಿಂತು ಸಾಕ್ಷಿ ಹೇಳಿದವರೇ ಸೋಮವಾರ ಮಗನ ಜಾತಿ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯ ಮುಂದೆ ನಿಂತಾಗ ಆ ಸಾಕ್ಷಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಸುಮ್ಮನಿರಬೇಕಾಗುತ್ತದೆ. ಅನೇಕರು ದೀಕ್ಷಾಸ್ನಾನವನ್ನೇ ವರ್ಷಗಟ್ಟಲೆ ಮುಂದೂಡುತ್ತಾರೆ. ಇದನ್ನು ಕಪಟವೆಂದು ಜರೆಯುವವರಿಗೆ ಮಗನ ವಿದ್ಯಾರ್ಥಿವೇತನ ಕಳೆದುಕೊಳ್ಳುವ ಭಯವಿಲ್ಲ. ಆದರೂ ವಿಮರ್ಶೆಯ ತಕ್ಕಡಿಯಲ್ಲಿ ಇದನ್ನು ಇಡದೆ ಬಿಡಲಾಗದು: ಲೋಕದ ಮುಂದೆ ನಾಚದೆ ಸಾಕ್ಷಿಯಾಗಿರೆಂದು ವಾರವಾರವೂ ಕರೆಯುವ ಬೋಧಕನು, ಆ ಕರೆಗೆ ಓಗೊಟ್ಟವಳು ತೆರಬೇಕಾದ ಬೆಲೆಯಲ್ಲಿ ತನ್ನ ಪಾಲೆಷ್ಟೆಂಬುದನ್ನು ಇನ್ನೂ ಹೇಳಿಲ್ಲ, ತನ್ನ ವರದಿಯಲ್ಲಿ ಆಕೆಯನ್ನು ಎಣಿಸಿಕೊಳ್ಳುವಾಗ ಮಾತ್ರ ಅವನು ತಡಮಾಡುವುದಿಲ್ಲ.