ಅಂಕ ಸೋಸುವ ಜರಡಿ

ದತ್ತಾಂಶ ಸಂಗ್ರಹದಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ನನಗೆ ಬಲು ಇಷ್ಟವಾದದ್ದು ‘ಕೇಸ್’ ಎಂಬ ಪುಟ್ಟ ಸೂತ್ರ. 1992ರ ಎಸ್‌ಕ್ಯೂಎಲ್ ಮಾನಕದಲ್ಲಿ ಜಾಗ ಪಡೆದ ಇದರ ಕೆಲಸ ಸರಳ: ಸಂಖ್ಯೆಯೊಂದನ್ನು ನೋಡಿ, ಅದು ಯಾವ ಗುಂಪಿನದು ಎಂದು ಹೇಳುವುದು.

ವಿದ್ಯಾರ್ಥಿಗಳ ಶೇಕಡಾವಾರು ಅಂಕಗಳ ಪಟ್ಟಿ ಇದೆ ಎನ್ನಿ. 85 ಅಥವಾ ಹೆಚ್ಚಿದ್ದರೆ ಡಿಸ್ಟಿಂಕ್ಷನ್, 60 ಅಥವಾ ಹೆಚ್ಚಿದ್ದರೆ ಪ್ರಥಮ ದರ್ಜೆ, 50 ಮುಟ್ಟಿದರೆ ದ್ವಿತೀಯ, 35 ಮುಟ್ಟಿದರೆ ಪಾಸು. ಸೂತ್ರ ಮೇಲಿನ ಸಾಲಿನಿಂದ ಶುರುಮಾಡಿ, ಮೊದಲು ಹೊಂದಿದ ಸಾಲಿನಲ್ಲೇ ನಿಲ್ಲುತ್ತದೆ. ಹಾಗಾಗಿ ಎರಡನೆಯ ಸಾಲಿನಲ್ಲಿ ‘85ಕ್ಕಿಂತ ಕಡಿಮೆ’ ಎಂದು ಮತ್ತೆ ಬರೆಯಬೇಕಿಲ್ಲ. ಒಂದರ ಕೆಳಗೊಂದು ಇಟ್ಟ ಜರಡಿಗಳ ಹಾಗೆ, ದಪ್ಪ ಕಾಳು ಮೇಲೆಯೇ ಉಳಿಯುತ್ತದೆ. ಆದರೆ ಸಾಲು ತಲೆಕೆಳಗಾಗಿ 35 ಮೊದಲು ಬಂತೋ, 92 ತೆಗೆದವಳೂ ಬರೀ ಪಾಸು!

‘ಇಷ್ಟರಿಂದ ಇಷ್ಟರವರೆಗೆ’ ಎಂದು ಹೇಳಲು ‘ಬಿಟ್ವೀನ್’ ಬಳಸುವವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. 50ರಿಂದ 59, 60ರಿಂದ 84 ಎಂದು ಬರೆದರೆ 59.5 ಎಲ್ಲಿಗೂ ಸೇರದೆ ಸಂದಿಯಲ್ಲಿ ಉದುರಿಹೋಗುತ್ತದೆ. ಬಿಟ್ವೀನ್ ಎರಡೂ ತುದಿಗಳನ್ನು ಒಳಗೆ ಸೇರಿಸಿಕೊಳ್ಳುವುದರಿಂದ, 50ರಿಂದ 60, 60ರಿಂದ 85 ಎಂದರೆ 60 ಎರಡೂ ಮನೆಯ ನೆಂಟ.

ಎಲ್ಲಿಯೂ ಸಲ್ಲದವರಿಗೆ ಕೊನೆಯಲ್ಲಿ ‘ಎಲ್ಸ್’ ಇದೆ. ಅಲ್ಲಿ ‘ಫೇಲ್’ ಎಂದು ಬರೆಯುವ ಮುನ್ನ ಯೋಚಿಸಿ: ಅಂಕವೇ ದಾಖಲಾಗದ ಖಾಲಿ ಖಾನೆ, ಅಂದರೆ ‘ನಲ್’, ಯಾವ ಹೋಲಿಕೆಗೂ ಸಿಗದೆ ಅಲ್ಲಿಗೇ ಬಂದು ಬೀಳುತ್ತದೆ. ಖಾಲಿ ಖಾನೆಗೆ ಮೊದಲ ಸಾಲಿನಲ್ಲೇ ಜಾಗ ಕೊಡಿ. ಪರೀಕ್ಷೆಗೇ ಬಾರದವರನ್ನು ಫೇಲ್ ಮಾಡಬೇಡಿ.