ಮಂಜರಾಬಾದಿನ ಕೋಟೆಯೂ ಡಂಬಳದ ಗುಡಿಯೂ

ಸಕಲೇಶಪುರದ ಬಳಿಯ ಮಂಜರಾಬಾದ ಕೋಟೆಯು ಎಂಟು ಮೊನೆಗಳ ನಕ್ಷತ್ರಾಕಾರದ್ದೆಂಬುದು ವಾಚಕರಿಗೆ ವಿದಿತವೇ ಇದೆ. ಶ್ರೀರಂಗಪಟ್ಟಣದಿಂದ ಮಂಗಳೂರಿಗೆ ಹೋಗುವ ದಾರಿಯನ್ನು ಕಾಯಲೆಂದು ಟಿಪ್ಪೂ ಸುಲ್ತಾನನು ಇದನ್ನು ಕಟ್ಟಿಸಿದನು. 1792ರಲ್ಲಿ ಕೆಲಸವು ಮುಗಿಯಿತು. ಬೇಲೂರು ಹಳೇಬೀಡುಗಳು ಅದೇ ಹಾಸನ ಜಿಲ್ಲೆಯಲ್ಲಿರುವದರಿಂದ, ಹೊಯ್ಸಳರ ಗುಡಿಗಳ ನಕ್ಷತ್ರವೇ ಈ ಕೋಟೆಗೆ ಇಳಿದು ಬಂದಿತೆಂದು ನಂಬುವವರುಂಟು. ನಾನೂ ನಂಬಿದ್ದೆನು; ಅಷ್ಟೇ ಅಲ್ಲ, ಅನೇಕ ವರ್ಷ ಮಕ್ಕಳಿಗೂ ಹಾಗೆಯೇ ಕಲಿಸಿದೆನು. ಆ ಪಾಠವನ್ನು ಹಿಂದಕ್ಕೆ ತೆಗೆದುಕೊಳ್ಳುವದು ಈ ಬರಹದ ಉದ್ದೇಶವು.

ಅಮರಗೋಳದವರಾದ ನಮಗೆ ಬೇಲೂರಿಗಿಂತ ಡಂಬಳವು ಸಮೀಪ. ಅಲ್ಲಿಯ ದೊಡ್ಡಬಸಪ್ಪನ ಗುಡಿಯು ಹನ್ನೆರಡನೆಯ ಶತಮಾನದ್ದು. ಅದರ ತಲವಿನ್ಯಾಸಕ್ಕೆ 24 ಮೊನೆಗಳು. ಒಂದೇ ಅಳತೆಯ ಆರು ಚೌಕಗಳನ್ನು ಒಂದೇ ನಡುಬಿಂದುವಿನ ಸುತ್ತ, ಒಂದೊಂದನ್ನು 15 ಅಂಶ ತಿರುಗಿಸುತ್ತ ಬರೆದರೆ ಈ ಆಕೃತಿಯು ತಾನಾಗಿ ಮೂಡುವದು. ದಾರ, ಸೀಮೆಸುಣ್ಣ ಹಿಡಿದು ಬರೆದು ನೋಡಿದ್ದೇನೆ. ಅಲ್ಲಿ ಎಲ್ಲಕ್ಕೂ ಮೂಲವು ಗರ್ಭಗೃಹ. ಗೋಡೆಯು ಒಳಗಿನಿಂದ ಅರಳಿದ್ದು.

ಕೋಟೆಯ ನಕ್ಷತ್ರವಾದರೋ ಫಿರಂಗಿಯ ಕೂಸು. ದುಂಡು ಬುರುಜಿನ ಬುಡದಲ್ಲಿ ಮೇಲಿನವರ ಗುಂಡು ತಾಗದ ಒಂದು ಎಡೆಯು ಉಳಿಯುತ್ತಿತ್ತು. ಶತ್ರುವು ಅಲ್ಲಿ ಸೇರಿದನೆಂದರೆ ಗೋಡೆಗೆ ಸುರಂಗವಿಕ್ಕಲು ಅಡ್ಡಿಯಿಲ್ಲ. ಬುರುಜನ್ನು ಮೊನೆಯಾಗಿ ಮುಂಚಾಚಿದರೆ ಒಂದರ ಮೋರೆಯನ್ನು ಮತ್ತೊಂದರ ಪಕ್ಕೆಯು ಕಾಯುವದು. ಇಟಲಿಯಲ್ಲಿ ಹುಟ್ಟಿದ ಈ ಯುಕ್ತಿಯನ್ನು ಡಚ್ಚರು ಸ್ಪೇನಿನೊಡನೆ ಹೋರಾಡುವಾಗ ತಮ್ಮದಾಗಿ ಮಾಡಿಕೊಂಡರು. ಅವರ ಸೀಮೆಯಲ್ಲಿ ಕಲ್ಲು ದುರ್ಲಭ, ನೀರು ಹೇರಳ. ಆದುದರಿಂದ ತಗ್ಗಾದ ಮಣ್ಣಿನ ಗೋಡೆ, ಅಗಲವಾದ ಕಂದಕ. 1593ರಲ್ಲಿ ಮುಗಿದ ಅವರ ಬೂರ್ತಾಂಗೆ ಕೋಟೆಯು ಐದು ಮೊನೆಗಳದು. ಮುಂದೆ 1692ರಲ್ಲಿ ನಾಮೂರಿನ ಮುತ್ತಿಗೆಯಲ್ಲಿ ಡಚ್ಚರ ಕೂಹೋರ್ನನೂ ಫ್ರೆಂಚರ ವೊಬಾನನೂ ಇದಿರುಬದಿರಾದರು. ಇಬ್ಬರೂ ದುರ್ಗವಿದ್ಯಾಪಾರಂಗತರೇ, ಗೆದ್ದವನು ವೊಬಾನ. ಮಂಜರಾಬಾದಿನಲ್ಲಿ ಕಾಣುವದು ಈ ವೊಬಾನನ ಪದ್ಧತಿ. ಟಿಪ್ಪುವಿಗೆ ನೆರವಾದವರು ಫ್ರೆಂಚರು.

ನಮ್ಮ ಶಾಸ್ತ್ರಗಳಲ್ಲಿ ಇದಕ್ಕೆ ಆಧಾರವನ್ನು ಹುಡುಕುವ ಪಂಡಿತಮಿತ್ರರಿಗೊಂದು ಮಾತು. ಮನುವು ಆರು ದುರ್ಗಗಳನ್ನು ಎಣಿಸಿ ಗಿರಿದುರ್ಗವನ್ನು ಮೇಲೆಂದನು, ನಿಜ. ಆದರೆ ಅವನು ಪ್ರಾಕಾರದ ಮೇಲೆ ನಿಲ್ಲಿಸಿದ್ದು ಬಿಲ್ಲುಗಾರನನ್ನು, ತೋಪನ್ನಲ್ಲ. ಸ್ಮೃತಿಯು ಹೇಳದುದನ್ನು ಸ್ಮೃತಿಯ ಬಾಯಲ್ಲಿ ಇಡುವದು ಗೌರವವಲ್ಲ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಇದನ್ನು ಸಹಿಸುತ್ತಿರಲಿಲ್ಲ.

ನನಗೆ ಮಂಜರಾಬಾದಿನ ಸೊಗಸು ತೋರುವದು ಬೇರೆಡೆಯಲ್ಲಿ. ಡಚ್ಚರ ಬಯಲಿನಲ್ಲಿ ಮಣ್ಣು ನೀರುಗಳಿಂದ ಪಳಗಿದ ರೇಖೆಯನ್ನು ಇಲ್ಲಿ ಮಲೆನಾಡಿನ ಗುಡ್ಡದ ನೆತ್ತಿಯ ಮೇಲೆ ಕಲ್ಲಿನಲ್ಲಿ ಎಳೆದಿದ್ದಾರೆ. ಗಿರಿಯು ಮನುವು ಮೆಚ್ಚುವಂಥದು, ರೇಖೆಯು ಯುರೋಪಿನದು. ಕಲ್ಲು ಹೊತ್ತವರು ಮಾತ್ರ ನಮ್ಮವರೇ ಇದ್ದಿರಬೇಕು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಓದಿದರೆ, ಆಗಿನ ವಹಿಯು ಇನ್ನೂ ಉಳಿದಿದ್ದಲ್ಲಿ, ಆ ಪುಟವನ್ನು ತಿದ್ದಿಕೊಳ್ಳಲಿ.