ಮರಳಿ ಬರುವ ಷರಾಯಿ: ಉಡುಪಿನ ಪುನರಾವೃತ್ತಿಯನ್ನು ಕುರಿತ ಒಂದು ವಿಚಾರ

ಉಡುಗೆತೊಡುಗೆಗಳು ಚಕ್ರದಂತೆ ತಿರುಗುತ್ತವೆ, ಹಳೆಯದೆಂದು ಬಿಟ್ಟದ್ದು ಕೆಲಕಾಲದ ಮೇಲೆ ಹೊಸದೆಂದು ಮರಳುತ್ತದೆ ಎಂಬ ಮಾತು ಈಗ ಗಾದೆಯಂತಾಗಿದೆ. ಮೊಣಕಾಲಿನವರೆಗೆ ಬಿಗಿಯಾಗಿದ್ದು ಅಲ್ಲಿಂದ ಕೆಳಕ್ಕೆ ಗಂಟೆಯಂತೆ ಅಗಲವಾಗುವ ಬೆಲ್‌ಬಾಟಮ್ ಷರಾಯಿಯನ್ನು ಇದಕ್ಕೆ ನಿದರ್ಶನವಾಗಿ ಕೊಡುವುದು ವಾಡಿಕೆ. 1970ರ ದಶಕದಲ್ಲಿ ಅದು ದೇಶದೇಶಗಳನ್ನು ವ್ಯಾಪಿಸಿತು. 1980ರ ದಶಕದಲ್ಲಿ ಹಿಂದೆ ಸರಿಯಿತು. 1990ರ ದಶಕದಲ್ಲಿ ಮರಳಿತು. 2020ರ ದಶಕದಲ್ಲಿ ಮತ್ತೊಮ್ಮೆ ಅಂಗಡಿಗಳಲ್ಲಿ ಕಾಣಿಸಿಕೊಂಡಿದೆ. ಆದರೆ ಮರಳಿ ಬಂದದ್ದು ಅದೇ ಷರಾಯಿಯೆ? ಈ ಪ್ರಶ್ನೆಯನ್ನು ಎತ್ತದೆ ಚಕ್ರದ ಉಪಮೆಯನ್ನು ಒಪ್ಪಿಕೊಳ್ಳುವುದು ಇತಿಹಾಸವನ್ನು ಪಂಚಾಂಗವೆಂದು ಭಾವಿಸಿ ಓದಿದಂತೆ.

ಈ ಚಕ್ರಕ್ಕೆ ಲೆಕ್ಕ ಕಟ್ಟಿಕೊಟ್ಟವರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದ್ದ ಜೇಮ್ಸ್ ಲೇವರ್ ಪ್ರಮುಖರು. 1937ರ ‘ಟೇಸ್ಟ್ ಅಂಡ್ ಫ್ಯಾಷನ್’ ಎಂಬ ಗ್ರಂಥದಲ್ಲಿ ಅವರು ಉಡುಪಿನ ಆಯುಷ್ಯವನ್ನು ಮೆಟ್ಟಿಲುಮೆಟ್ಟಿಲಾಗಿ ವಿಂಗಡಿಸಿದರು. ಬಳಕೆ ತಪ್ಪಿದ ಉಡುಪು 10 ವರ್ಷಕ್ಕೆ ವಿಕಾರವೆಂದೂ 20 ವರ್ಷಕ್ಕೆ ಹಾಸ್ಯಾಸ್ಪದವೆಂದೂ 30 ವರ್ಷಕ್ಕೆ ವಿನೋದಕರವೆಂದೂ ಕಂಡು, ಕ್ರಮವಾಗಿ ಮನೋಹರವಾಗುತ್ತ 150 ವರ್ಷಕ್ಕೆ ಸುಂದರವೆನಿಸುತ್ತದೆ ಎಂಬುದು ಅವರ ಗಣನೆ. ಚೆಲುವು ಬಟ್ಟೆಯಲ್ಲಿಯೇ ಇಲ್ಲ, ನೋಡುವವನಿಗೂ ಅದಕ್ಕೂ ನಡುವೆ ಇರುವ ಕಾಲದ ಅಂತರದಲ್ಲಿದೆ ಎಂಬುದನ್ನು ಲೇವರ್ ಸೊಗಸಾಗಿ ತೋರಿಸಿದ್ದಾರೆ. ಆದರೆ ಅವರ ಗಣನೆಯಲ್ಲಿ ಕರ್ತೃವಾಗಿರುವುದು ಕಾಲವೊಂದೇ. ಬಟ್ಟೆಯನ್ನು ನೇಯ್ದವರಿಗೂ ಹೊಲಿದವರಿಗೂ ತೊಟ್ಟು ಕಷ್ಟಪಟ್ಟವರಿಗೂ ಅಲ್ಲಿ ಎಡೆಯಿಲ್ಲ.

ಈ ಕೊರತೆಯನ್ನು ಎತ್ತಿ ತೋರಿದ ಘಟನೆಯೊಂದು 1971ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. ಪ್ರಸಿದ್ಧ ವಸ್ತ್ರವಿನ್ಯಾಸಕ ಈವ್ ಸಾಂ ಲೊರಾಂ ಅಂದು ಪ್ರದರ್ಶಿಸಿದ ಉಡುಪುಗಳು 1940ರ ದಶಕದ ಆರಂಭದ, ಎಂದರೆ ನಗರವು ಜರ್ಮನರ ವಶದಲ್ಲಿದ್ದ ಕಾಲದ, ಸ್ತ್ರೀಯರ ಉಡುಪನ್ನು ಹೋಲುತ್ತಿದ್ದವು. ಲೇವರ್ ಹೇಳಿದ 30 ವರ್ಷದ ಅವಧಿ ಸರಿಯಾಗಿ ತುಂಬಿತ್ತು. ಅವು ವಿನೋದಕರವಾಗಿ ಕಾಣಬೇಕಾಗಿತ್ತು. ಪತ್ರಿಕೆಗಳ ವಿಮರ್ಶಕರು ಮಾತ್ರ ಕಟುವಾಗಿ ಖಂಡಿಸಿದರು. ಸಾಂ ಲೊರಾಂ 1936ರಲ್ಲಿ ಆಲ್ಜೀರಿಯಾದ ಓರಾನಿನಲ್ಲಿ ಹುಟ್ಟಿ ಅಲ್ಲಿಯೇ ಬೆಳೆದವರು. ಆ ಅಗಲವಾದ ಭುಜಪಟ್ಟಿ, ಎತ್ತರದ ಪಾದರಕ್ಷೆಗಳು ಅವರ ಪಾಲಿಗೆ ಆಕಾರಗಳು. ಆ ದಿನಗಳನ್ನು ಪ್ಯಾರಿಸ್ಸಿನಲ್ಲಿ ಕಳೆದವರಿಗೆ ಅವು ಅಭಾವದ, ಅವಮಾನದ ಕುರುಹುಗಳು. ಆದುದರಿಂದ ಒಂದೇ ಬಟ್ಟೆ ಒಬ್ಬರಿಗೆ ವಿನೋದವಾಗಿ ಮತ್ತೊಬ್ಬರಿಗೆ ಗಾಯವಾಗಿ ಕಾಣುವುದಕ್ಕೆ ವರ್ಷಗಳ ಎಣಿಕೆಯು ಉತ್ತರ ಕೊಡಲಾರದು. ಪುನರಾವೃತ್ತಿಯು ಆಕಾರವನ್ನು ಉಳಿಸಿಕೊಳ್ಳುತ್ತದೆ, ಆ ಆಕಾರಕ್ಕೆ ಕಾರಣವಾದುದನ್ನು ಬಿಡುತ್ತದೆ. ವಿಮರ್ಶೆಯು ಹುಡುಕಬೇಕಾದುದು ಹೀಗೆ ಬಿಟ್ಟುಹೋದುದನ್ನು.

ಬೆಲ್‌ಬಾಟಮ್ಮಿನ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡೋಣ. ಅಗಲ ಕಾಲಿನ ಷರಾಯಿ ಹತ್ತೊಂಬತ್ತನೆಯ ಶತಮಾನದ ನಾವಿಕರ ಉಡುಪು. ಹಡಗಿನ ಹಲಗೆಗಳನ್ನು ತೊಳೆಯುವಾಗ ಮೇಲಕ್ಕೆ ಸುತ್ತಿಕೊಳ್ಳಲು, ನೀರಿಗೆ ಬಿದ್ದಾಗ ಬೂಟುಗಳ ಮೇಲಿನಿಂದಲೇ ಕಳಚಿಹಾಕಲು ಅದು ಅನುಕೂಲವೆಂದು ಹೇಳುವುದುಂಟು. ಎರಡನೆಯ ಮಹಾಯುದ್ಧದ ತರುವಾಯ ಸೈನ್ಯದ ಉಳಿಕೆ ಸಾಮಾನುಗಳ ಅಂಗಡಿಗಳಲ್ಲಿ ಇಂಥ ಉಡುಪು ಅಗ್ಗವಾಗಿ ದೊರೆಯುತ್ತಿತ್ತು. 1960ರ ದಶಕದ ಅಮೆರಿಕದ ತರುಣ ತರುಣಿಯರು ಅದನ್ನು ಕೊಂಡು ತೊಟ್ಟರು. ಅದು ದೊರೆಯದವರು ತಮ್ಮ ಜೀನ್ಸಿನ ಹೊರಹೊಲಿಗೆಯನ್ನು ಬಿಚ್ಚಿ ನಡುವೆ ತ್ರಿಕೋನದ ತುಂಡೊಂದನ್ನು ಸೇರಿಸಿಕೊಂಡರು. ವಿಯಟ್ನಾಮ್ ಯುದ್ಧದ ಆ ವರ್ಷಗಳಲ್ಲಿ ಸೈನ್ಯದ ಶಿಸ್ತನ್ನೂ ಕಚೇರಿಯ ಶಿಸ್ತನ್ನೂ ಒಲ್ಲೆವೆಂದು ಸಾರುವುದಕ್ಕೆ ಸೈನ್ಯದ ಉಡುಪೇ ಸಾಧನವಾಯಿತು. ನಾವಿಕನ ಕಾರಣ ಅಲ್ಲಿ ಮರೆಯಾಯಿತು, ದಿಟ; ಆದರೆ ಆ ಸ್ಥಾನಕ್ಕೆ ಮತ್ತೊಂದು ಕಾರಣ ಬಂದಿತು. ಇಂಥ ಎರವಲನ್ನು ಸೃಷ್ಟಿಯೆನ್ನದೆ ವಿಧಿಯಿಲ್ಲ.

ಭಾರತಕ್ಕೆ ಈ ಷರಾಯಿ ಬಂದ ಬಗೆ ಬೇರೆ. 1971ರಲ್ಲಿ ತೆರೆಕಂಡ ದೇವ್ ಆನಂದರ ‘ಹರೇ ರಾಮ ಹರೇ ಕೃಷ್ಣ’ ಹಿಪ್ಪಿಗಳ ಜೀವನವನ್ನು ಅಧಃಪತನವೆಂದು ಚಿತ್ರಿಸಿತು. ಪ್ರೇಕ್ಷಕರು ನೀತಿಯನ್ನು ಅಲ್ಲಿಯೇ ಬಿಟ್ಟು ಉಡುಪನ್ನು ಮನೆಗೆ ತಂದರು. ಅದಕ್ಕೆ ಒದಗಿಬಂದುದು 1941ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್‌ಸನ್ ಕಂಡುಹಿಡಿದ ಪಾಲಿಯೆಸ್ಟರ್ ನೂಲು. ಅದನ್ನು ಹತ್ತಿಯೊಡನೆ ಬೆರೆಸಿದ ಟೆರಿಕಾಟ್ ಬಟ್ಟೆ ಒಗೆದರೆ ಬೇಗ ಒಣಗುತ್ತಿತ್ತು, ಮುದುಡದೆ ಅಗಲವಾದ ಅಂಚಿನ ನಿಲುವನ್ನೂ ಕಾಪಾಡುತ್ತಿತ್ತು. ಒಂದೆರಡು ಜೊತೆ ಬಟ್ಟೆಯಲ್ಲಿ ವಾರ ಕಳೆಯಬೇಕಾದ ನಗರದ ನೌಕರನಿಗೆ ಇದಕ್ಕಿಂತ ಅನುಕೂಲ ಯಾವುದು? ನೆಲಕ್ಕೆ ಉಜ್ಜಿ ಸವೆಯದಿರಲೆಂದು ಕೆಳಅಂಚಿನ ಒಳಬದಿಗೆ ಜಿಪ್ಪಿನ ಲೋಹದ ಹಲ್ಲುಪಟ್ಟಿಯನ್ನು ದರ್ಜಿಗಳಿಂದ ಹೊಲಿಸಿಕೊಳ್ಳುವವರಿದ್ದರು. ಹೊರಗೆ ಆಡಂಬರ, ಒಳಗೆ ಮಿತವ್ಯಯ: ಆ ಕಾಲದ ಮಧ್ಯಮವರ್ಗದ ಬದುಕನ್ನು ಆ ಪಟ್ಟಿಯಷ್ಟು ಚೊಕ್ಕವಾಗಿ ಹೇಳುವ ದಾಖಲೆ ಅಪರೂಪ. ಇಂದು ಮರಳಿ ಬಂದಿರುವ ಷರಾಯಿಯಲ್ಲಿ ಅಗಲವಿದೆ, ಆ ಪಟ್ಟಿಯಿಲ್ಲ.

ಇತ್ತೀಚಿನ ಚಲನಚಿತ್ರಗಳಲ್ಲಿ ಈ ಉಡುಪು ಪಡೆದಿರುವ ಸ್ಥಾನವೂ ವಿಚಾರಾರ್ಹ. ಜಯತೀರ್ಥರ ನಿರ್ದೇಶನದ ಕನ್ನಡ ‘ಬೆಲ್ ಬಾಟಂ’ (2019) 1980ರ ದಶಕದ ಪತ್ತೇದಾರಿ ವಿನೋದ. ಅದೇ ಹೆಸರಿನ ಹಿಂದಿ ಚಿತ್ರ (2021) ಆ ದಶಕದ ವಿಮಾನಾಪಹರಣದ ಸಾಹಸಕಥೆ. ಎರಡು ಕಥೆಗಳಿಗೂ ಸಂಬಂಧವಿಲ್ಲ. ಆದರೂ ಕಾಲಸೂಚನೆಗೆ ಎರಡರಲ್ಲಿಯೂ ಷರಾಯಿಯ ಹೆಸರೇ ಸಾಕಾಯಿತು. 1970ರ ದಶಕದಲ್ಲಿ ಮೆರೆದ ಉಡುಪು ಮುಂದಿನ ದಶಕದ ಲಾಂಛನವಾದುದನ್ನು ಗಮನಿಸಬೇಕು. ದಶಕಗಳು ಕರಗಿ ‘ಆ ಕಾಲ’ ಎಂಬ ಒಂದೇ ಮುದ್ದೆಯಾಗಿವೆ. ವಿನೋದಕ್ಕೆ ಅಷ್ಟು ಸ್ವಾತಂತ್ರ್ಯ ಸಲ್ಲುತ್ತದೆ. ಚರಿತ್ರೆಯ ಘಟನೆಯನ್ನು ಆಧರಿಸಿದ ಕಥೆಗೆ ಇದು ಸಾಲದು.

ಏಕೆಂದರೆ ಆ ದಶಕವು ಷರಾಯಿಗಿಂತ ಘನವಾದುದನ್ನು ಕಂಡಿದೆ. 1982ರ ಜನವರಿ 18ರಂದು ಮುಂಬಯಿಯ ಬಟ್ಟೆಗಿರಣಿಗಳಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಮುಷ್ಕರ ಆರಂಭವಾಯಿತು. ಸುಮಾರು 2,50,000 ಕಾರ್ಮಿಕರು ಅದರಲ್ಲಿ ಸೇರಿದ್ದರು. ಅದರ ತರುವಾಯ ಅನೇಕ ಗಿರಣಿಗಳು ಚೇತರಿಸಿಕೊಳ್ಳಲಿಲ್ಲ. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ನೆಲದಲ್ಲಿ ಈಗ ಬೃಹತ್ ಮಾಲ್ ಇದೆ. ಹಳೆಯ ಚಿಮಣಿಯನ್ನು ಶೋಭೆಗಾಗಿ ಉಳಿಸಿಕೊಂಡಿದ್ದಾರೆ. ಚಿಮಣಿಗೂ ಷರಾಯಿಗೂ ಒದಗಿದ ಗತಿ ಒಂದೇ: ಆಕಾರ ನಿಂತಿತು, ದುಡಿಮೆ ಹೋಯಿತು. ಬಟ್ಟೆ ನೇಯುತ್ತಿದ್ದವರ ನೆಲದಲ್ಲಿಯೇ ಗತಕಾಲದ ಸೊಗಸು ಮಾರಾಟವಾಗುವಾಗ, ಅದನ್ನು ನೆನಪೆಂದು ಕರೆಯಲು ನಾಲಗೆ ಹಿಂಜರಿಯಬೇಕು.

ಹಳೆಯದನ್ನು ತೊಡಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ಆ ಅಮೆರಿಕನ್ ತರುಣರಂತೆ ತನ್ನದೇ ಕಾರಣವನ್ನು ತುಂಬಿ ತೊಡುವವನು ಹಳೆಯದಕ್ಕೆ ಜೀವ ಕೊಡುತ್ತಾನೆ. ಆದರೆ ಆಕಾರವನ್ನು ಉಳಿಸುವ ಕೆಲಸವನ್ನು ಮಾರುಕಟ್ಟೆ ತಾನೇ ಮಾಡಿಕೊಳ್ಳುತ್ತದೆ. ಕಾರಣವನ್ನು ಉಳಿಸುವ ಹೊಣೆ ಸಂಶೋಧಕರದು. ಟೆರಿಕಾಟ್ ಷರಾಯಿ ಹೊಲಿದ ದರ್ಜಿಗಳು, ಗಿರಣಿಯಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಅಳತೆಪುಸ್ತಕ, ಕಸಬಿನ ಮಾತು, ಕೂಲಿಯ ಲೆಕ್ಕಗಳನ್ನು ಬರೆದಿಟ್ಟುಕೊಳ್ಳುವ ಕಾರ್ಯ ನಗರನಗರಗಳ ಕನ್ನಡ ಸಂಘಗಳ ಶಕ್ತಿಗೆ ಮೀರಿದುದಲ್ಲ. ಅದಕ್ಕಿರುವ ಕಾಲಾವಕಾಶ ಮಾತ್ರ ಹೆಚ್ಚಿಲ್ಲ.